ಕರಡಿಯ ಕೊರಳಿನ ಚೀಟಿ

ಬೋಧನಾಭ್ಯಾಸದ ಮೂರನೇ ವಾರ, ಉದ್ಯಾವರದ ಸಮೀಪದ ಶಾಲೆಯೊಂದರ ಆರನೇ ತರಗತಿಗೆ ಆವಾಸ ಮತ್ತು ಹೊಂದಾಣಿಕೆಯ ಪಾಠ ಮಾಡಿದೆ. ಪ್ರವೇಶಕ್ಕೆ ಆರಿಸಿಕೊಂಡದ್ದು ಪ್ಯಾಡಿಂಗ್ಟನ್ ಕರಡಿಯ ಕಥೆ. 'ಕಥೆ ದೀರ್ಘವಾಯಿತು, ವಿಷಯಾಂತರ' ಎಂದು ಅವಲೋಕನ ಪುಸ್ತಕದಲ್ಲಿ ಷರಾ ಬಂತು. ದೀರ್ಘವಾದದ್ದು ನಿಜ. ವಿಷಯಾಂತರ ಎಂಬುದನ್ನು ಒಪ್ಪಲಾರೆ. ನನ್ನ ತಪ್ಪು ಬೇರೆ ಕಡೆ ಇತ್ತು.

ಮೈಕೆಲ್ ಬಾಂಡ್ ಬರೆದು, ಪೆಗ್ಗಿ ಫೋರ್ಟ್‌ನಮ್ ಚಿತ್ರ ರಚಿಸಿದ ಈ ಪುಸ್ತಕ 1958ರಲ್ಲಿ ಬಂತು. ಲೂಸಿ ಅತ್ತೆ ಪೆರು ದೇಶದಿಂದ ಹಡಗಿನಲ್ಲಿ ಕಳಿಸಿದ ಕರಡಿ ಲಂಡನ್ನಿನ ರೈಲ್ವೆ ಸ್ಟೇಷನ್ನಿನಲ್ಲಿ ಒಂಟಿಯಾಗಿ ಕುಳಿತಿರುತ್ತದೆ. ತನ್ನನ್ನು ನೋಡಿಕೊಳ್ಳಿ ಎಂದು ಕೋರುವ ಚೀಟಿ ಕೊರಳಿನಲ್ಲಿ. (ಮಕ್ಕಳಿಗೆ ನಾನು ಇಂದ್ರಾಳಿ ಸ್ಟೇಷನ್ ನೆನಪಿಸಿದೆ.) ಯುದ್ಧಕಾಲದಲ್ಲಿ ಲಂಡನ್ನಿನಿಂದ ಹಳ್ಳಿಗಳಿಗೆ ಸಾಗಿಸಿದ ಮಕ್ಕಳಿಗೂ ಇಂಥ ಚೀಟಿ ಕಟ್ಟಿದ್ದರು, ಬಾಂಡ್ ಅವರಿಗೆ ಅದು ನೆನಪಿತ್ತು. ಅವರು ಮೊದಲು ಬರೆದದ್ದು ಆಫ್ರಿಕಾದ ಕರಡಿ ಎಂದು. ಆಫ್ರಿಕಾದಲ್ಲಿ ಕರಡಿಗಳಿಲ್ಲವೆಂದು ಅವರ ಏಜೆಂಟ್ ಹೇಳಿದ ಮೇಲೆ ಪೆರು ಆಯಿತು. ದಕ್ಷಿಣ ಅಮೆರಿಕದಲ್ಲಿರುವ ಒಂದೇ ಜಾತಿಯ ಕರಡಿ, ಕಣ್ಣಿನ ಸುತ್ತ ಕನ್ನಡಕದಂಥ ಬಿಳಿ ಗುರುತಿರುವುದು, ಅಲ್ಲಿದೆ. ಆವಾಸದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಬೇಕೇ?

ತಪ್ಪಾದದ್ದು ಪಾಠಯೋಜನೆಯ 'ಮೌಲ್ಯ' ಅಂಕಣದಲ್ಲಿ. 'ಹೊಸಬರನ್ನು ಪ್ರೀತಿಸುವುದು' ಎಂದು ಬರೆದಿದ್ದೆ. ಬರೆಯುವಾಗ ಕಣ್ಣೆದುರಿಗಿದ್ದವನು ಗಂಗಾವತಿ ಕಡೆಯ ಹುಡುಗ. ಕಟ್ಟಡ ಕೆಲಸಕ್ಕೆ ಬಂದವರ ಮಗ, ವರ್ಷದ ನಡುವೆ ಸೇರಿದವನು. ಅವನು 'ಐತ್ರಿ' ಅಂದರೆ ತುಳು ಮಾತಾಡುವ ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಕಥೆ ಮುಗಿಸಿ, "ನಮ್ಮ ಕ್ಲಾಸಿಗೂ ಒಬ್ಬ ಹೊಸಬ ಬಂದಿದ್ದಾನಲ್ಲ?" ಎಂದೆ. ಎಲ್ಲರೂ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿದ. ಚೀಟಿ ಕಟ್ಟಿದವಳು ನಾನೇ. ಷರಾದಲ್ಲಿ ಈ ಬಗ್ಗೆ ಒಂದಕ್ಷರವೂ ಇಲ್ಲ.

ಇಂಥ ಕಥೆಗಳಲ್ಲಿ ಹೊಸಬ ಮುದ್ದಾಗಿರುತ್ತಾನೆ. ಪ್ಯಾಡಿಂಗ್ಟನ್ ಸ್ನಾನದ ಮನೆ ರಂಪ ಮಾಡಿದರೂ ಟೊಪ್ಪಿ ಎತ್ತಿ ವಂದಿಸುತ್ತದೆ, ಹಾಗಾಗಿ ಕ್ಷಮೆ. ಮುದ್ದಾಗಿರದ, ಹೋಂವರ್ಕ್ ತಾರದ, ಬೈದರೆ ಎದುರು ಬೈಯುವ ಹುಡುಗನಿಗೆ? ವರ್ಷದ ನಡುವೆ ಬಂದ ಮಗುವಿಗೂ ಪ್ರವೇಶ ಕೊಡಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಮುದ್ದಾಗಿದ್ದರೆ ಮಾತ್ರ ಎಂದು ಹೇಳುವುದಿಲ್ಲ.

ಪಾಠ ಉಳಿಸಿದವನೂ ಅವನೇ. ನಮ್ಮ ಕರಡಿ ಏನು ತಿನ್ನುತ್ತದೆ ಎಂದು ಕೇಳಿದೆ. ಎಲ್ಲರೂ "ಜೇನು" ಎಂದರು. ಅವನು ತಲೆ ಎತ್ತದೆ, "ಗೆದ್ದಲಾನೂ ತಿಂತೈತ್ರಿ ಟೀಚರ. ಹುತ್ತ ಕೆದರಿ ಸೊರ್ರ್ ಅಂತ ಎಳೀತೈತಿ. ಎದುರಿಗೆ ಸಿಕ್ರ ಮಾರಿ ಪರಚತೈತ್ರಿ" ಎಂದ. ಅವನ ಕಡೆಯ ಗುಡ್ಡಗಳಲ್ಲಿ ಕರಡಿಗಳಿವೆ; 1994ರಲ್ಲಿ ಆದ ದರೋಜಿ ಕರಡಿಧಾಮವೂ ದೂರವಿಲ್ಲ. ಈ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ, ಆ ಸಂದಿಯಿಂದಲೇ ಗೆದ್ದಲು ಎಳೆಯುವುದು ಎಂದು ನಾನು ಸೇರಿಸಿದೆ. 1791ರಲ್ಲಿ ಜಾರ್ಜ್ ಶಾ ಎಂಬ ವಿಜ್ಞಾನಿ ಇದನ್ನು ಕರಡಿಯೆಂದೇ ಗುರುತಿಸದೆ ಸ್ಲಾತ್ ಎಂಬ ಪ್ರಾಣಿಯ ಗುಂಪಿಗೆ ಸೇರಿಸಿದ್ದ. ಇಂಗ್ಲಿಷಿನಲ್ಲಿ ಇಂದಿಗೂ ಅದು ಸ್ಲಾತ್ ಬೇರ್. ಹಿಂದಿನ ಬೆಂಚಿನವನೊಬ್ಬ "ಉಗುರು ಎಷ್ಟು ಉದ್ದ?" ಎಂದು ಕೇಳಿದ. ಕೇಳಿದ್ದು ನನ್ನನ್ನಲ್ಲ, ಅವನನ್ನು. 'ಐತ್ರಿ'ಗೆ ಆಗಲೂ ಇಬ್ಬರು ನಕ್ಕರು.

ಕಥೆ ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಪಾಠಯೋಜನೆಯಲ್ಲಿ 'ಮೌಲ್ಯ'ದ ಬದಲು 'ಈ ವಿಷಯ ತರಗತಿಯಲ್ಲಿ ಯಾರಿಗೆ ನನಗಿಂತ ಚೆನ್ನಾಗಿ ಗೊತ್ತು' ಎಂಬ ಅಂಕಣ ಇರಲಿ ಎಂದು ಉಪನ್ಯಾಸಕರಲ್ಲಿ ಕೋರುತ್ತೇನೆ. ಮೀನಿನ ಪಾಠಕ್ಕೆ ಪಿತ್ರೋಡಿಯ ಮಕ್ಕಳಿದ್ದಾರೆ.

ಬೆಲ್ ಆದ ಮೇಲೆ ಅವನು ಮೇಜಿನ ಬಳಿ ಬಂದ. "ಕರಡಿ ಅತ್ತಿ ಊರಾಗ ಒಬ್ಬಾಕಿನ ಅದಾಳೇನ್ರಿ?"

"ಲಿಮಾ ಊರಿನಲ್ಲಿ, ಮುದಿ ಕರಡಿಗಳ ಮನೆಯಲ್ಲಿದ್ದಾಳೆ."

"ಮತ್ತ ಇದು ನೋಡಾಕ ಯಾವಾಗ ಹೊಕ್ಕೈತ್ರಿ?"

ನಾನು ಓದಿದ್ದು ಮೊದಲ ಪುಸ್ತಕ ಮಾತ್ರ. ಮುಂದಿನದು ಓದಿ ಹೇಳುತ್ತೇನೆ ಎಂದೆ.