ವೈದ್ಯಕೀಯ ಸಂಶೋಧನೆಗೆ ಹಣ ಎಲ್ಲಿಂದ ಬರುತ್ತದೆ?

ಹೊಸ ಲಸಿಕೆಯೋ ಔಷಧಿಯೋ ಬಂದ ಸುದ್ದಿ ಓದಿದಾಗ ನಾವು ವಿಜ್ಞಾನಿಗಳನ್ನು ಮೆಚ್ಚಿಕೊಳ್ಳುತ್ತೇವೆ. ಆ ಕೆಲಸಕ್ಕೆ ಬೇಕಾದ ಉಪಕರಣ, ರಾಸಾಯನಿಕ, ಸಹಾಯಕರ ಸಂಬಳ ಇವಕ್ಕೆಲ್ಲ ಹಣ ಕೊಟ್ಟವರು ಯಾರು ಎಂದು ಕೇಳುವುದು ಕಡಿಮೆ. ಕೇಳಿದರೂ 'ಔಷಧಿ ಕಂಪನಿಗಳೇ ಕೊಡುತ್ತವೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದು ಪೂರ್ತಿ ನಿಜವಲ್ಲ.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನೇ ನೋಡೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಉಣುಗುಗಳಿಂದ ಹರಡುವ ಹೊಸ ವೈರಸ್ ಇದಕ್ಕೆ ಕಾರಣ ಎಂದು ಪತ್ತೆಹಚ್ಚಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಈಗ ಅದು ರಾಷ್ಟ್ರೀಯ ವೈರಾಣು ಸಂಸ್ಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಆ ಕೇಂದ್ರವನ್ನು 1952ರಲ್ಲೇ ಕಟ್ಟಿದ್ದವು. ಕೆಲವೇ ಜಿಲ್ಲೆಗಳ ಬಡವರನ್ನು ಕಾಡುವ ರೋಗದಲ್ಲಿ ಕಂಪನಿಗಳಿಗೆ ಲಾಭವಿಲ್ಲ. ಅಲ್ಲಿ ಸಾರ್ವಜನಿಕ ಹಣವೇ ಗತಿ.

ಆದರೆ ಈ ಹಣ ಎಲ್ಲ ಕಾಲೇಜುಗಳಿಗೂ ತಲುಪುತ್ತಿದೆಯೇ? ಡಾ. ಸಮೀರನ್ ನಂದಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ದೇಶದ 579 ವೈದ್ಯಕೀಯ ಸಂಸ್ಥೆಗಳನ್ನು ಪರಿಶೀಲಿಸಿತು. 2005ರಿಂದ 2014ರವರೆಗಿನ ಹತ್ತು ವರ್ಷಗಳಲ್ಲಿ ಅವುಗಳಲ್ಲಿ ಶೇ. 57ರಷ್ಟು ಸಂಸ್ಥೆಗಳಿಂದ ಒಂದೇ ಒಂದು ಸಂಶೋಧನಾ ಪ್ರಬಂಧವೂ ಬಂದಿರಲಿಲ್ಲ. ಕೇವಲ 25 ಸಂಸ್ಥೆಗಳು ಒಟ್ಟು ಪ್ರಬಂಧಗಳಲ್ಲಿ ಶೇ. 40ರಷ್ಟನ್ನು ಕೊಟ್ಟಿದ್ದವು.

ಇದಕ್ಕೆ ಅಧ್ಯಾಪಕರ ಸೋಮಾರಿತನ ಕಾರಣ ಎನ್ನುವುದು ಸುಲಭ. ಬೆಳಿಗ್ಗೆ ಹೊರರೋಗಿ ವಿಭಾಗ, ಮಧ್ಯಾಹ್ನ ತರಗತಿ, ನಡುವೆ ಪರೀಕ್ಷೆಯ ಕೆಲಸ ಇರುವ ವೈದ್ಯರಿಗೆ ಅರ್ಜಿ ಬರೆಯಲು ಬಿಡುವು ಸಿಗುವುದು ಕಷ್ಟ. ಯಾರಿಗೆ, ಯಾವಾಗ, ಹೇಗೆ ಬರೆಯಬೇಕು ಎಂದು ಹೇಳಿಕೊಡುವವರೂ ಬೇಕಲ್ಲ!

ಹಣದ ದಾರಿಗಳು

1911ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ ಐಸಿಎಂಆರ್ ಈ ಕ್ಷೇತ್ರದ ಹಿರಿಯಣ್ಣ. ತನ್ನದೇ ಸಂಸ್ಥೆಗಳನ್ನು ನಡೆಸುವುದರ ಜೊತೆಗೆ ಹೊರಗಿನ ಕಾಲೇಜುಗಳ ಯೋಜನೆಗಳಿಗೂ ಅದು ಅನುದಾನ ಕೊಡುತ್ತದೆ. ಎಂಬಿಬಿಎಸ್ ವಿದ್ಯಾರ್ಥಿಗಳಿಗಾಗಿ 1979ರಿಂದಲೇ ಅಲ್ಪಾವಧಿ ಸಂಶೋಧನಾ ವೇತನದ ಯೋಜನೆ ನಡೆಸಿಕೊಂಡು ಬಂದಿದೆ. ಆರೋಗ್ಯ ಸಂಶೋಧನಾ ಇಲಾಖೆಯು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಬಹುಶಿಸ್ತೀಯ ಸಂಶೋಧನಾ ಘಟಕಗಳನ್ನು ಸ್ಥಾಪಿಸಲು ನೆರವಾಗುತ್ತದೆ. ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ರೂಪಿಸಿದ 'ಇಂಡಿಯಾ ಅಲಯನ್ಸ್' ವೈದ್ಯರಿಗೂ ಫೆಲೋಶಿಪ್ ನೀಡುತ್ತದೆ. 2023ರ ಕಾಯ್ದೆಯ ಮೂಲಕ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವೂ ಬಂದಿದೆ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಕಾಲೇಜುಗಳ ಅಧ್ಯಾಪಕರಿಗೆ ಅನುದಾನ ಕೊಡುತ್ತದೆ. ಮೊದಲ ಹೆಜ್ಜೆ ಇಡುವವರಿಗೆ ಇಂಥ ಸಣ್ಣ ಅನುದಾನವೇ ಒಳ್ಳೆಯದು. ಅದರಿಂದ ಸಿಕ್ಕ ಆರಂಭಿಕ ಫಲಿತಾಂಶ ದೊಡ್ಡ ಅರ್ಜಿಗೆ ಬಲ ಕೊಡುತ್ತದೆ.

ಅರ್ಜಿ ಸೋಲುವುದೆಲ್ಲಿ?

'ಶಿಫಾರಸು ಇಲ್ಲದೆ ಹಣ ಸಿಗುವುದಿಲ್ಲ' ಎಂಬ ಮಾತು ಕಾಲೇಜುಗಳಲ್ಲಿ ಕೇಳಿಬರುತ್ತದೆ. ಆದರೆ ಅರ್ಜಿ ಬೀಳಲು ಅದರೊಳಗಿನ ಕಾರಣಗಳೇ ಸಾಕಾಗುತ್ತವೆ: ಪ್ರಶ್ನೆ ಸ್ಪಷ್ಟವಾಗಿಲ್ಲದಿರುವುದು, ಎಷ್ಟು ರೋಗಿಗಳನ್ನು ಅಧ್ಯಯನ ಮಾಡಬೇಕೆಂಬ ಲೆಕ್ಕ ತಪ್ಪಿರುವುದು, ಕೆಲಸಕ್ಕೂ ಬಜೆಟ್ಟಿಗೂ ತಾಳೆಯಾಗದಿರುವುದು. ಸಂಖ್ಯಾಶಾಸ್ತ್ರಜ್ಞರೊಬ್ಬರನ್ನು ಕೊನೆಯಲ್ಲಲ್ಲ, ಮೊದಲೇ ಜೊತೆಗೆ ಸೇರಿಸಿಕೊಂಡರೆ ಇವುಗಳಲ್ಲಿ ಕೆಲವು ತಾನಾಗಿಯೇ ಸರಿಯಾಗುತ್ತವೆ. ಮನುಷ್ಯರ ಮೇಲಿನ ಅಧ್ಯಯನವಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಚಿಕಿತ್ಸಾ ಪ್ರಯೋಗಗಳನ್ನಂತೂ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸಬೇಕು.

ಹಣ ಮಂಜೂರಾದ ಮೇಲೂ ಕೆಲಸ ಮುಗಿಯುವುದಿಲ್ಲ. ಅನುದಾನ ಬರುವುದು ಸಂಸ್ಥೆಯ ಖಾತೆಗೆ, ಅದೂ ಕಂತುಗಳಲ್ಲಿ. ಖರ್ಚಿನ ಲೆಕ್ಕ, ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಕಂತು ನಿಂತರೆ ಸಹಾಯಕರ ಸಂಬಳ ನಿಲ್ಲುತ್ತದೆ, ರೋಗಿಗಳ ಮರುಭೇಟಿ ತಪ್ಪುತ್ತದೆ, ವರ್ಷಗಳ ಮಾಹಿತಿ ಅರ್ಧಕ್ಕೇ ಉಳಿಯುತ್ತದೆ.

ಆದ್ದರಿಂದಲೇ ಕಾಲೇಜಿಗೊಂದು ಸಂಶೋಧನಾ ನೆರವಿನ ವಿಭಾಗ ಬೇಕು. ಪ್ರಕಟಣೆಗಳನ್ನು ಗಮನಿಸಿ ತಿಳಿಸುವ, ಅರ್ಜಿಯನ್ನು ಮೊದಲೇ ಓದಿ ತಿದ್ದುವ, ಲೆಕ್ಕಪತ್ರ ನೋಡಿಕೊಳ್ಳುವ ಇಬ್ಬರು ಮೂವರಿದ್ದರೂ ಅಧ್ಯಾಪಕರ ಹೊರೆ ಎಷ್ಟೋ ಇಳಿಯುತ್ತದೆ. ಪ್ರತಿ ಊರಿನ ಆಸ್ಪತ್ರೆಯಲ್ಲೂ ಆ ಊರಿನದೇ ಪ್ರಶ್ನೆಗಳಿರುತ್ತವೆ. ಅಲ್ಲಿನ ವೈದ್ಯರು ಅವನ್ನು ಕೇಳದಿದ್ದರೆ, ದೂರದ ದೊಡ್ಡ ಸಂಸ್ಥೆಗಳು ನಮಗಾಗಿ ಕೇಳುತ್ತವೆ ಎಂಬ ಖಾತ್ರಿಯಿಲ್ಲ.