ಒಂದು ಪಂದ್ಯಕ್ಕೆ ಎಷ್ಟು ಚಂದಾ?

ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಪ್ರೀಮಿಯರ್ ಲೀಗ್ ಪಂದ್ಯಗಳನ್ನು ಅಲ್ಲಿನ ಜನ ಮನೆಯ ಟಿವಿಯಲ್ಲಿ ನೇರವಾಗಿ ನೋಡುವಂತಿಲ್ಲ. 2.45ರಿಂದ 5.15ರವರೆಗೆ ಫುಟ್‌ಬಾಲ್ ನೇರ ಪ್ರಸಾರ ಬೇಡ ಎಂಬ ಕಟ್ಟುಪಾಡು 1960ರ ದಶಕದಿಂದ ನಡೆದುಬಂದಿದೆ. ಜನ ಟಿವಿ ಮುಂದೆ ಕೂತುಬಿಟ್ಟರೆ ಸಣ್ಣ ಊರುಗಳ ಕ್ರೀಡಾಂಗಣಗಳು ಖಾಲಿ ಹೊಡೆಯುತ್ತವೆ ಎಂಬ ಭಯ ಅದರ ಹಿಂದಿತ್ತು. ಅದೇ ಪಂದ್ಯ ಬೆಂಗಳೂರಿನ ಮಾರತ್ತಹಳ್ಳಿಯ ಪಿ.ಜಿ.ಯೊಂದರ ಟಿವಿಯಲ್ಲಿ ಸಂಜೆ ಏಳೂವರೆಗೆ, ಚಳಿಗಾಲದಲ್ಲಾದರೆ ಎಂಟೂವರೆಗೆ, ಕಾನೂನುಬದ್ಧವಾಗಿಯೇ ಬರುತ್ತದೆ. ಲಿವರ್‌ಪೂಲಿನಲ್ಲಿ ಹುಟ್ಟಿ ಬೆಳೆದವನಿಗೆ ಸಿಗದ ಪಂದ್ಯ ಹೊರವರ್ತುಲ ರಸ್ತೆಯ ಪಕ್ಕದ ಹುಡುಗನಿಗೆ ಸಿಗುತ್ತದೆ.

ಇಷ್ಟು ಕೇಳಿದರೆ ಮಾರತ್ತಹಳ್ಳಿಯ ನೋಡುಗನೇ ಪುಣ್ಯವಂತ ಅನಿಸಬಹುದು. ಆದರೆ ಅವನು ಆ ಒಂದು ಪಂದ್ಯಕ್ಕಾಗಿ ಏನೇನು ಕೊಳ್ಳಬೇಕು, ಯಾರ ಹತ್ತಿರ ಕೊಳ್ಳಬೇಕು, ಆ ಆಯ್ಕೆ ನಿಜಕ್ಕೂ ಅವನ ಕೈಯಲ್ಲಿದೆಯೇ ಎಂದು ಕೇಳುತ್ತ ಹೋದರೆ ಚಿತ್ರ ಬೇರೆಯೇ ಆಗುತ್ತದೆ.

ಕುಂದಲಹಳ್ಳಿ, ಬ್ರೂಕ್‌ಫೀಲ್ಡ್, ಪಣತ್ತೂರು, ಕಾಡುಬೀಸನಹಳ್ಳಿ ಸುತ್ತಮುತ್ತ ಬಾಡಿಗೆಗಿರುವವರಲ್ಲಿ ಅನೇಕರು ತಂತಮ್ಮ ಊರಿನ ತಂಡವನ್ನು ಮನಸ್ಸಿನಲ್ಲಿ ಹೊತ್ತು ತಂದವರು. ಕೊಚ್ಚಿಯಿಂದ ಬಂದವರಿಗೆ ಕೇರಳ ಬ್ಲಾಸ್ಟರ್ಸ್, ಕೋಲ್ಕತ್ತದವರಿಗೆ ಮೋಹನ್ ಬಾಗಾನ್ ಇಲ್ಲವೇ ಈಸ್ಟ್ ಬೆಂಗಾಲ್, ಶಿಲ್ಲಾಂಗ್, ಐಜಾಲ್ ಕಡೆಯವರಿಗೆ ಅವರದೇ ತಂಡಗಳು. ಇವರೆಲ್ಲರಿಗೂ ತಮ್ಮ ತಂಡದ ಆಟ ಪರಊರಿನ ಆಟ. ಅದನ್ನು ನೋಡಬೇಕೆಂದರೆ ಟಿವಿಯೊಂದೇ ದಾರಿ. ಬೆಂಗಳೂರು ಎಫ್‌ಸಿ ಕಟ್ಟಾಭಿಮಾನಿಯ ಪಾಡೂ ಇಲ್ಲಿ ಹೆಚ್ಚು ಭಿನ್ನವಲ್ಲ. ಕಂಠೀರವ ಕ್ರೀಡಾಂಗಣ ಇರುವುದು ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ. ಕೆಲಸದ ದಿನ ಆರು ಗಂಟೆಗೆ ಆಫೀಸು ಬಿಟ್ಟು, ಎಚ್‌ಎಎಲ್ ವಿಮಾನ ನಿಲ್ದಾಣ ರಸ್ತೆಯ ದಟ್ಟಣೆ ದಾಟಿ, ಏಳೂವರೆಯ ಕಿಕ್ ಆಫ್‌ಗೆ ಸೀಟಿನಲ್ಲಿ ಕೂರುವುದು ಬಲ್ಲವರಿಗಷ್ಟೇ ಗೊತ್ತಿರುವ ಸಾಹಸ. ಮಾರತ್ತಹಳ್ಳಿಗೆ ಮೆಟ್ರೊ ಬರಲಿದೆ ಎಂದು ಕಂಬಗಳು ಹೇಳುತ್ತಿದ್ದ ವರ್ಷಗಳಲ್ಲೆಲ್ಲ ಸ್ವಂತ ಊರಿನ ತಂಡದ ಆಟವೂ ಇಲ್ಲಿನವರಿಗೆ ಪರಊರಿನ ಆಟವೇ ಆಗಿತ್ತು.

ಹಾಗಾದರೆ ಯಾವ ಚಂದಾ ಕಟ್ಟಬೇಕು? ಸ್ಪೇನಿನ ಲಾ ಲಿಗಾವನ್ನೇ ನೋಡಿ. 2018ರಿಂದ ಮೂರು ಋತು ಅದು ಭಾರತದಲ್ಲಿ ಫೇಸ್‌ಬುಕ್‌ನಲ್ಲಿ ಪುಕ್ಕಟೆ ಬರುತ್ತಿತ್ತು. 2021ರಲ್ಲಿ ವಯಾಕಾಮ್18 ಕೈಗೆ ಹೋಗಿ ಎಂಟಿವಿ ವಾಹಿನಿಯಲ್ಲಿ, ವೂಟ್ ಆ್ಯಪ್‌ನಲ್ಲಿ ಕಾಣಿಸಿಕೊಂಡಿತು. ಹಾಡು ಕೇಳಲು ಹಾಕಿಸಿಕೊಂಡ ವಾಹಿನಿಯಲ್ಲಿ ಬಾರ್ಸಿಲೋನಾ ಆಡುತ್ತಿತ್ತು. 2023ರಲ್ಲಿ ವೂಟ್ ಜಿಯೋಸಿನಿಮಾದೊಳಗೆ ಸೇರಿಹೋಯಿತು. 2024ರಲ್ಲಿ ಹಕ್ಕು ಜಿಎಕ್ಸ್‌ಆರ್ ವರ್ಲ್ಡ್ ಎಂಬ ವೆಬ್‌ಸೈಟ್‌ಗೆ ಹೋಯಿತು, ಮರುವರ್ಷ ಫ್ಯಾನ್‌ಕೋಡ್‌ಗೆ. ತಂಡ ಅದೇ, ನೋಡುಗ ಅದೇ, ಚಂದಾ ಕಟ್ಟುವ ಬಾಗಿಲು ಮಾತ್ರ ಬದಲಾಗುತ್ತಲೇ ಇತ್ತು. ಇತ್ತ ಪ್ರೀಮಿಯರ್ ಲೀಗ್ ಬೇಕಿದ್ದರೆ ಸ್ಟಾರ್ ಸ್ಪೋರ್ಟ್ಸ್ ಮತ್ತು ಜಿಯೋಹಾಟ್‌ಸ್ಟಾರ್, ಚಾಂಪಿಯನ್ಸ್ ಲೀಗ್ ಬೇಕಿದ್ದರೆ ಸೋನಿ. ಚಾಂಪಿಯನ್ಸ್ ಲೀಗ್‌ನ ಹೆಚ್ಚಿನ ಪಂದ್ಯಗಳು ನಮ್ಮಲ್ಲಿ ಶುರುವಾಗುವುದು ರಾತ್ರಿ ಹನ್ನೆರಡೂವರೆಗೆ ಅಥವಾ ಒಂದೂವರೆಗೆ. ಬೆಂಗಳೂರಿನ ಪಬ್‌ಗಳು ಒಂದು ಗಂಟೆಗೆ ಬಾಗಿಲು ಹಾಕುತ್ತವೆ. ಹೊರಗೆ ಹೋಗಿ ನಾಲ್ಕು ಜನರ ಜೊತೆ ನೋಡೋಣವೆಂದರೆ ಆ ದಾರಿಯೂ ಅರ್ಧಕ್ಕೇ ನಿಲ್ಲುತ್ತದೆ.

ಬೇಕಾದ ವಾಹಿನಿಯ ಜೊತೆ ಬೇಡದ್ದನ್ನೂ ಪ್ಯಾಕ್ ಮಾಡಿ ತಲೆಗೆ ಕಟ್ಟುವ ವ್ಯಾಪಾರಕ್ಕೆ ಟಿವಿಯಲ್ಲಿ ಒಮ್ಮೆ ಕಡಿವಾಣ ಹಾಕಲಾಗಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರಲ್ಲಿ ಹೊರಡಿಸಿ 2019ರ ಫೆಬ್ರುವರಿ 1ರಿಂದ ಜಾರಿಗೆ ತಂದ ದರ ಆದೇಶದ ತಿರುಳು ಸರಳವಾಗಿತ್ತು: ಕೇಬಲ್‌ನವರಾಗಲಿ ಡಿಟಿಎಚ್‌ನವರಾಗಲಿ ಪ್ರತಿ ವಾಹಿನಿಯನ್ನೂ ಬಿಡಿಯಾಗಿ, ಅದರ ಬೆಲೆ ತಿಳಿಸಿ ಮಾರಬೇಕು. ನೂರು ವಾಹಿನಿಗಳ ಸಂಪರ್ಕಕ್ಕೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಬೇಕಾದ ಪೇ ಚಾನೆಲ್‌ಗೆ ಅದರದೇ ದರ. ಪ್ಯಾಕ್‌ನಲ್ಲಿ ಸೇರಿಸಬೇಕಾದ ವಾಹಿನಿಯ ಬೆಲೆ 19 ರೂಪಾಯಿ ಮೀರಬಾರದು ಎಂಬ ಮಿತಿಯೂ ಇತ್ತು.

ಆಗಿದ್ದೇನು? ಹೆಚ್ಚು ಬೇಡಿಕೆಯ ವಾಹಿನಿಗಳನ್ನು ಪ್ರಸಾರಕರು ಸರಿಯಾಗಿ 19 ರೂಪಾಯಿಗೇ ತಂದು ನಿಲ್ಲಿಸಿದರು. ನಂತರ ಹತ್ತಾರು ವಾಹಿನಿಗಳ ಪ್ಯಾಕ್‌ಗೆ ಭಾರಿ ರಿಯಾಯಿತಿ ಕೊಟ್ಟರು. ಬಿಡಿಯಾಗಿ ಕೊಂಡವನೇ ದಡ್ಡ ಎನ್ನುವಂತಾಯಿತು. ಇದನ್ನು ಟ್ರಾಯ್ ತಾನೇ ಗುರುತಿಸಿ 2020ರ ಜನವರಿಯಲ್ಲಿ ಮಿತಿಯನ್ನು 12 ರೂಪಾಯಿಗೆ ಇಳಿಸಿತು. ಪ್ರಸಾರಕರು ಬಾಂಬೆ ಹೈಕೋರ್ಟ್ ಮೆಟ್ಟಿಲು ಹತ್ತಿದರು. ಆ ತಿದ್ದುಪಡಿಯ ಬಹುಭಾಗವನ್ನು 2021ರಲ್ಲಿ ಕೋರ್ಟ್ ಎತ್ತಿಹಿಡಿದರೂ 2022ರ ನವೆಂಬರ್‌ನಲ್ಲಿ ಟ್ರಾಯ್ ಮತ್ತೆ 19ಕ್ಕೇ ಮರಳಿತು, ಪ್ಯಾಕ್ ರಿಯಾಯಿತಿಯನ್ನೂ ಶೇ 45ರವರೆಗೆ ಬಿಟ್ಟುಕೊಟ್ಟಿತು. 2024ರ ಜುಲೈನಲ್ಲಿ ಸಂಪರ್ಕ ಶುಲ್ಕದ 130 ರೂಪಾಯಿ ಮಿತಿಯನ್ನೂ ತೆಗೆದುಹಾಕಿತು. ಐದೂವರೆ ವರ್ಷದಲ್ಲಿ ನೋಡುಗನಿಗೆ ಕೊಟ್ಟ ಹಕ್ಕನ್ನು ಕೊಟ್ಟವರೇ ಒಂದೊಂದಾಗಿ ವಾಪಸ್ ತೆಗೆದುಕೊಂಡ ಕತೆ ಇದು.

2023ರ ಫೆಬ್ರುವರಿ 18ರಂದು ಆ ಜಗಳದ ಬಿಸಿ ನೇರವಾಗಿ ಮನೆಗಳಿಗೇ ತಟ್ಟಿತು. ಹೊಸ ದರದ ಒಪ್ಪಂದಕ್ಕೆ ಸಹಿ ಹಾಕಲಿಲ್ಲವೆಂದು ಸ್ಟಾರ್, ಜೀ, ಸೋನಿ ಸಂಸ್ಥೆಗಳು ಹಲವು ಕೇಬಲ್ ಸಂಸ್ಥೆಗಳಿಗೆ ಸಿಗ್ನಲ್ ನಿಲ್ಲಿಸಿದವು. ಕೇಬಲ್ ಒಕ್ಕೂಟದ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಕೋಟಿ ಮನೆಗಳಲ್ಲಿ ವಾಹಿನಿಗಳು ಕಪ್ಪಾದವು. ದುಡ್ಡು ಕಟ್ಟಿ ಕೂತಿದ್ದ ಆ ಮನೆಗಳವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಅದಾಗಿ ಎರಡು ವಾರ ಕಳೆದಿರಲಿಲ್ಲ. ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ, ಎದುರಾಳಿ ಗೋಡೆ ಕಟ್ಟುವ ಮುನ್ನವೇ ಫ್ರೀಕಿಕ್ ಒದ್ದು ಗೋಲು ಹೊಡೆದರು. ಕೇರಳ ಬ್ಲಾಸ್ಟರ್ಸ್ ತಂಡ ಪ್ರತಿಭಟಿಸಿ ಮೈದಾನವನ್ನೇ ಬಿಟ್ಟು ನಡೆಯಿತು. ಮುಂದೆ ಅದಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ಮಾರತ್ತಹಳ್ಳಿಯಂಥ ಕಡೆ ಒಂದೇ ಕೋಣೆಯಲ್ಲಿ ಮಲಯಾಳಿಯೂ ಬೆಂಗಳೂರಿಗನೂ ಕೂತು ನೋಡಿ ವರ್ಷಗಟ್ಟಲೆ ವಾದ ಮಾಡಬಹುದಾದ ಆಟ ಅದು. ಮರುದಿನವೇ, ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಸಂತೋಷ್ ಟ್ರೋಫಿ ಫೈನಲ್ ಆಡಿತು. ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಕಪ್ ಎತ್ತಿತು. ಹಿಂದೆ ಗೆದ್ದಾಗ ರಾಜ್ಯದ ಹೆಸರಿನ್ನೂ ಮೈಸೂರು.

ಐಎಸ್‌ಎಲ್‌ಗೆಂದು ಸ್ಟಾರ್ ಪ್ಯಾಕ್ ಹಾಕಿಸಿಕೊಂಡ ಮನೆಯ ಚಂದಾದಲ್ಲಿ ಆ ಫೈನಲ್ ಸೇರಿರಲಿಲ್ಲ. ಒಂದೇ ವಾರ, ಒಂದೇ ರಾಜ್ಯದ ಫುಟ್‌ಬಾಲ್, ಎರಡು ಬೇರೆ ಬೇರೆ ಬಾಗಿಲು. ಅರ್ಧ ಶತಮಾನ ಕಾದು ಬಂದ ಗೆಲುವನ್ನು ಕನ್ನಡಿಗರು ಮಾರನೇ ದಿನದ ಪತ್ರಿಕೆಯಲ್ಲಿ ಓದಿ ತಿಳಿಯಬೇಕಾದ ಸ್ಥಿತಿ ಬಂದರೆ ಅದು ನಾಚಿಕೆಯ ಸಂಗತಿ.

ಹಕ್ಕಿನ ಜಗಳಕ್ಕೂ ಮುಂಚೆ ಇನ್ನೊಂದು ಗೋಡೆಯಿದೆ, ಅಕ್ಷರಶಃ ಗೋಡೆ. ಡಿಟಿಎಚ್ ಸಂಸ್ಥೆ ಟಾಟಾ ಪ್ಲೇ ಬಳಸುವ ಉಪಗ್ರಹಗಳು 83 ಡಿಗ್ರಿ ಪೂರ್ವ ರೇಖಾಂಶದಲ್ಲಿವೆ. 2022ರ ಜೂನ್‌ನಲ್ಲಿ ಹಾರಿಸಿದ ಜಿಸ್ಯಾಟ್‌-24ರ ಎಲ್ಲ 24 ಟ್ರಾನ್ಸ್‌ಪಾಂಡರ್‌ಗಳೂ ಆ ಸಂಸ್ಥೆಯ ಪಾಲಿಗೇ ಸೇರಿವೆ. ಬೆಂಗಳೂರಿನಿಂದ ನೋಡಿದರೆ ಆ ಜಾಗ ದಿಗಂತದಿಂದ ಎಪ್ಪತ್ತು ಡಿಗ್ರಿಗೂ ಮೇಲಿದೆ, ಹೆಚ್ಚುಕಡಿಮೆ ನೆತ್ತಿಯ ಮೇಲೆ. ಒಂದರ ಮೇಲೊಂದು ಬಾಲ್ಕನಿ ಇರುವ ಹತ್ತು ಮಹಡಿಯ ಕಟ್ಟಡದಲ್ಲಿ ಡಿಶ್‌ಗೂ ಆಕಾಶಕ್ಕೂ ನಡುವೆ ಮೇಲಿನ ಮನೆಯವರ ಬಾಲ್ಕನಿ ಅಡ್ಡ ಬರುತ್ತದೆ. ಹಾಗಾಗಿ ಡಿಶ್ ತಾರಸಿಗೇ ಹೋಗಬೇಕು, ಅಲ್ಲಿಂದ ಡಕ್ಟ್‌ನಲ್ಲಿ ವೈರ್ ಇಳಿಯಬೇಕು. ತಾರಸಿ, ಡಕ್ಟ್ ಎರಡರ ಬೀಗದ ಕೈಯೂ ಅಸೋಸಿಯೇಷನ್‌ನದು ಇಲ್ಲವೇ ಬಿಲ್ಡರ್‌ನದು. ಅವರು ಒಂದೇ ಕೇಬಲ್ ಅಥವಾ ಫೈಬರ್ ಸಂಸ್ಥೆಯ ಜೊತೆ ಕೈಜೋಡಿಸಿದ್ದರೆ ಬಾಡಿಗೆದಾರನ ಆಯ್ಕೆ ಗೇಟಿನಲ್ಲೇ ಮುಗಿಯಿತು.

ಫೈಬರ್ ಇದೆಯಲ್ಲ, ಆ್ಯಪ್‌ನಲ್ಲಿ ನೋಡಿದರಾಯಿತು ಎನ್ನುವವರಿದ್ದಾರೆ. ಆ್ಯಪ್‌ನಲ್ಲಿ ಪಂದ್ಯ ಕೇಬಲ್‌ಗಿಂತ ಹಿಂದೆ ಓಡುತ್ತದೆ. ತೆರೆಯ ಮೇಲೆ ಕಾರ್ನರ್ ತೆಗೆದುಕೊಳ್ಳಲು ಆಟಗಾರ ಚೆಂಡಿಡುತ್ತಿರುವಾಗಲೇ ಪಕ್ಕದ ಬ್ಲಾಕ್‌ನಿಂದ ‘ಗೋಲ್’ ಎಂಬ ಕೂಗು ಕೇಳುತ್ತದೆ. 2022ರ ವಿಶ್ವಕಪ್ಪಿನ ಮೊದಲ ದಿನ ಜಿಯೋಸಿನಿಮಾದಲ್ಲಿ ಚಕ್ರ ಸುತ್ತುತ್ತಲೇ ಇದ್ದುದನ್ನು ದೇಶವೇ ನೋಡಿದೆ. ಇನ್ನು ದರ: ಜಿಯೋಹಾಟ್‌ಸ್ಟಾರ್ 2025ರ ಫೆಬ್ರುವರಿ 14ರಂದು ಶುರುವಾದಾಗ ಮೂರು ತಿಂಗಳಿಗೆ 149 ರೂಪಾಯಿಯ ಯೋಜನೆ ಒಂದು ಮೊಬೈಲಿಗಷ್ಟೇ ಇತ್ತು, ಟಿವಿಯಲ್ಲಿ ನೋಡಲು 299ರ ಯೋಜನೆ ಬೇಕಿತ್ತು. ಮೊತ್ತ ದೊಡ್ಡದೇನಲ್ಲ, ನಿಜ. ತಕರಾರು ಇರುವುದು ಬೇರೆ ಕಡೆ: ಬೇಕಾದ ತಂಡವನ್ನಷ್ಟೇ ಕೊಳ್ಳುವ ಗುಂಡಿ ಅಲ್ಲಿ ಇರಲಿಲ್ಲ. ಕೇಬಲ್‌ಗೆ ಅನ್ವಯಿಸುವ ಬಿಡಿ ಮಾರಾಟದ ನಿಯಮ ಆ್ಯಪ್‌ಗಳ ಹತ್ತಿರವೂ ಸುಳಿದಿಲ್ಲ.

ಇದೇ ತಕರಾರು ಅಮೆರಿಕದಲ್ಲಿ ಕೋರ್ಟ್ ಕಟ್ಟೆ ಹತ್ತಿದೆ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ತನ್ನ ಪರಊರಿನ ಪಂದ್ಯಗಳನ್ನು ‘ಸಂಡೇ ಟಿಕೆಟ್’ ಎಂಬ ಒಂದೇ ಕಟ್ಟಿನಲ್ಲಿ ಮಾರುತ್ತದೆ. 1994ರಿಂದ 2022ರವರೆಗೆ ಡೈರೆಕ್ಟಿವಿ, ಈಗ ಯೂಟ್ಯೂಬ್. ತನ್ನೂರಿನ ಒಂದು ತಂಡ ಸಾಕು ಎನ್ನುವವನೂ ಎಲ್ಲ ತಂಡಗಳ ದುಡ್ಡು ಕೊಡಬೇಕು. ತಂಡಕ್ಕೊಂದರಂತೆ, ಕಡಿಮೆ ಬೆಲೆಗೆ ಮಾರೋಣ ಎಂದು ಇಎಸ್‌ಪಿಎನ್ ಮುಂದಿಟ್ಟಿದ್ದ ಪ್ರಸ್ತಾವವನ್ನು ಲೀಗ್ ಒಪ್ಪಿರಲಿಲ್ಲ ಎಂಬುದು ವಿಚಾರಣೆಯಲ್ಲಿ ಹೊರಬಂತು. 2024ರ ಜೂನ್‌ನಲ್ಲಿ ಜ್ಯೂರಿ ಸುಮಾರು 470 ಕೋಟಿ ಡಾಲರ್ ಪರಿಹಾರ ವಿಧಿಸಿತು. ಪರಿಹಾರದ ಲೆಕ್ಕಾಚಾರ ಸರಿಯಿಲ್ಲವೆಂದು ನ್ಯಾಯಾಧೀಶರು ಆಗಸ್ಟ್‌ನಲ್ಲಿ ಅದನ್ನು ತಳ್ಳಿಹಾಕಿದರು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಪಬ್ ನಡೆಸುತ್ತಿದ್ದ ಕರೆನ್ ಮರ್ಫಿ ಎಂಬ ಮಹಿಳೆ ದುಬಾರಿ ಸ್ಥಳೀಯ ಚಂದಾ ಬಿಟ್ಟು ಗ್ರೀಸ್‌ನ ಡಿಕೋಡರ್ ಕಾರ್ಡ್ ತಂದು ಪಂದ್ಯ ತೋರಿಸಿದ್ದಕ್ಕೆ ದಂಡ ಕಟ್ಟಿದ್ದರು. 2011ರ ಅಕ್ಟೋಬರ್‌ನಲ್ಲಿ ಯುರೋಪಿನ ಅತ್ಯುನ್ನತ ನ್ಯಾಯಾಲಯ, ಪರದೇಶದ ಕಾರ್ಡ್ ಕೊಳ್ಳುವುದನ್ನೇ ನಿಷೇಧಿಸುವುದು ಸರಿಯಲ್ಲ ಎಂದಿತು. ಮರುವರ್ಷ ಆಕೆಯ ಮೇಲಿನ ಶಿಕ್ಷೆ ರದ್ದಾಯಿತು. ಒಬ್ಬ ಪಬ್ ಮಾಲಕಿ ಪಟ್ಟು ಹಿಡಿದು ಕೇಳಿದ ಪ್ರಶ್ನೆಯನ್ನು ಒಂದು ಕೋಟಿಗೂ ಮೀರಿದ ಜನರಿರುವ ಬೆಂಗಳೂರು ಕೇಳಲು ಹಿಂಜರಿಯಬಾರದು.

ಪ್ರಸಾರಕರ ಕಡೆಯ ವಾದವನ್ನೂ ಕೇಳಬೇಕು. ದೊಡ್ಡ ಪಂದ್ಯದ ದುಡ್ಡಿನಲ್ಲಿ ಸಣ್ಣ ಪಂದ್ಯ ಬದುಕುತ್ತದೆ, ಬಿಡಿಬಿಡಿಯಾಗಿ ಮಾರಿದರೆ ಜನ ನಾಲ್ಕು ತಂಡ ಮಾತ್ರ ಕೊಳ್ಳುತ್ತಾರೆ, ಉಳಿದವು ಸಾಯುತ್ತವೆ ಎನ್ನುತ್ತಾರೆ ಅವರು. ಹಗುರಾಗಿ ತಳ್ಳಿಹಾಕುವ ಮಾತಲ್ಲ ಇದು. ಆದರೆ ಕಟ್ಟಿನಲ್ಲಿ ಮಾರಿದ್ದರಿಂದ ಭಾರತದ ಫುಟ್‌ಬಾಲ್ ಉದ್ಧಾರವಾಯಿತೇ? ಫುಟ್‌ಬಾಲ್ ಫೆಡರೇಷನ್ ಜೊತೆಗಿನ 2010ರ ಒಪ್ಪಂದದಡಿ ಐಎಸ್‌ಎಲ್ ನಡೆಸುತ್ತಿದ್ದ ಸಂಸ್ಥೆ ಎಫ್‌ಎಸ್‌ಡಿಎಲ್, ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿದ್ದುದರಿಂದ, ಆ ವರ್ಷದ ಜುಲೈನಲ್ಲಿ ಋತುವನ್ನೇ ತಡೆಹಿಡಿಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸಿತು. ಲೀಗ್‌ನ ವಾಣಿಜ್ಯ ಹಕ್ಕಿಗೆ ಫೆಡರೇಷನ್ ಟೆಂಡರ್ ಕರೆದರೆ ನವೆಂಬರ್ 7ರ ಗಡುವಿನೊಳಗೆ ಒಬ್ಬರೂ ಬಿಡ್ ಹಾಕಲಿಲ್ಲ. ಹತ್ತು ವರ್ಷ ಕಟ್ಟಿನೊಳಗಿದ್ದ ಲೀಗ್‌ನ ಗತಿ ಇದು.

ಬಿಡಿಯಾಗಿ ಮಾರುವುದು ಆಗದ ಮಾತೂ ಅಲ್ಲ. ಫ್ಯಾನ್‌ಕೋಡ್ ಒಂದೊಂದು ಪಂದ್ಯಕ್ಕೆ, ಒಂದೊಂದು ಸರಣಿಗೆ ಪಾಸ್ ಮಾರಿದೆ. ತಂತ್ರಜ್ಞಾನ ಕೈಯಲ್ಲಿದೆ, ಯುಪಿಐ ಮನೆಮನೆಯಲ್ಲಿದೆ. ಇಪ್ಪತ್ತು, ಮೂವತ್ತು ರೂಪಾಯಿಗೆ ತನ್ನ ತಂಡದ ಆಟ ಸಿಕ್ಕರೆ ಟೆಲಿಗ್ರಾಂ ಗುಂಪಿನ ಕಳ್ಳ ಲಿಂಕ್ ಹುಡುಕುವವರಲ್ಲಿ ಬಹಳಷ್ಟು ಜನ ದುಡ್ಡು ಕೊಟ್ಟೇ ನೋಡುತ್ತಾರೆ. ದೆಹಲಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದು ಒಂದು ಕಳ್ಳತಾಣ ಮುಚ್ಚಿಸುವಷ್ಟರಲ್ಲಿ ಹತ್ತು ಹುಟ್ಟುತ್ತಿವೆ. ಆ ಓಟದಲ್ಲಿ ಪ್ರಸಾರಕರು ಗೆದ್ದಿಲ್ಲ.

ಹಾಗಾಗಿ ಬೇಡಿಕೆಯನ್ನು ನೇರವಾಗಿಯೇ ಇಡಬೇಕು. ಟ್ರಾಯ್ ಮತ್ತು ಕೇಂದ್ರ ಸರ್ಕಾರ, ಕ್ರೀಡಾ ನೇರ ಪ್ರಸಾರದ ಮಟ್ಟಿಗಾದರೂ, ಆ್ಯಪ್‌ಗಳಿಗೂ ಬಿಡಿ ಮಾರಾಟದ ನಿಯಮ ತರಬೇಕು: ತಂಡಕ್ಕೊಂದು ಪಾಸ್, ಪಂದ್ಯಕ್ಕೊಂದು ಪಾಸ್, ಪ್ಯಾಕ್‌ಗೆ ಕೊಡುವ ರಿಯಾಯಿತಿ ಬಿಡಿ ಬೆಲೆಯನ್ನು ಅಣಕಿಸುವಷ್ಟು ಇರಬಾರದು. 2024ರ ಅಕ್ಟೋಬರ್‌ನಲ್ಲಿ ಟ್ರಾಯ್ ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ರೇಟಿಂಗ್ ಕೊಡುವ ನಿಯಮಾವಳಿ ತಂದಿದೆ. ಅದು ಸ್ವಯಂಪ್ರೇರಿತ ಎಂಬಲ್ಲಿಗೆ ನಿಂತಿದೆ. ಒಂದೇ ಸಂಸ್ಥೆಗೆ ಕಟ್ಟಡವನ್ನು ಬರೆದುಕೊಡುವುದನ್ನು ಕಡ್ಡಾಯವಾಗಿ ತಡೆಯುವ ಕೆಲಸ ಬಾಕಿಯಿದೆ, ಅದನ್ನು ಅಪಾರ್ಟ್‌ಮೆಂಟ್ ಕಾನೂನಿನ ಮೂಲಕ ರಾಜ್ಯ ಸರ್ಕಾರವೂ ಮಾಡಬಹುದು.

ಫುಟ್‌ಬಾಲ್ ಫೆಡರೇಷನ್ ಮುಂದೆ ಪ್ರಸಾರ ಹಕ್ಕು ಮಾರುವಾಗಲೆಲ್ಲ ಟೆಂಡರಿನಲ್ಲೇ ಎರಡು ಷರತ್ತು ಬರೆಯಲಿ: ಪ್ರತಿ ಕ್ಲಬ್‌ಗೂ ಪ್ರತ್ಯೇಕ ಪಾಸ್, ಬೆಂಗಳೂರು ತಂಡದ ಆಟಕ್ಕೆ ಮತ್ತು ಕರ್ನಾಟಕ ಆಡುವ ಸಂತೋಷ್ ಟ್ರೋಫಿ ಪಂದ್ಯಕ್ಕೆ ಕನ್ನಡ ವೀಕ್ಷಕ ವಿವರಣೆ. ಮಲಯಾಳಂ, ಬಂಗಾಳಿಗೆ ಸಿಕ್ಕಷ್ಟು ಖಾತರಿಯಾಗಿ ಫುಟ್‌ಬಾಲ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿಲ್ಲ. ಎಚ್‌ಎಎಲ್ ತಂಡ ಐ–ಲೀಗ್ ಆಡಿದ, ಐಟಿಐ ಕಾರ್ಖಾನೆ ಆಟಗಾರರಿಗೆ ಕೆಲಸ ಕೊಟ್ಟು ಸಾಕಿದ ಈ ಪೂರ್ವ ಬೆಂಗಳೂರಿಗೆ ಅಷ್ಟು ಕೇಳುವ ಹಕ್ಕು ಖಂಡಿತ ಇದೆ.