ಬಚ್ಚಲ ಹಂಡೆ ಮತ್ತು ವಿಜ್ಞಾನ ಪಾಠ

ಕಾಸರಗೋಡಿನ ನಮ್ಮ ಎಷ್ಟೋ ಮನೆಗಳ ಬಚ್ಚಲಲ್ಲಿ ಹಂಡೆ ಇನ್ನೂ ಇದೆ. ಕೊತ್ತಳಿಗೆ, ಕರಟ, ಅಡಿಕೆ ಸಿಪ್ಪೆ ತೋಟದಲ್ಲೇ ಸಿಗುವಾಗ ಗೀಸರ್ ಏಕೆ ಎನ್ನುತ್ತೇವೆ. ಸರಿಯೇ. ಆದರೆ ಪುಕ್ಕಟೆ ಸಿಕ್ಕಿದ್ದನ್ನು ಉರಿಸುವ ರೀತಿ ನೋಡಿ!

ಲೆಕ್ಕ ಹಾಕೋಣ. 50 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 4.2 ಮೆಗಾಜೂಲ್ ಬೇಕು. ಒಣ ಸೌದೆಯ ಒಂದು ಕಿಲೋದಲ್ಲಿ ಸುಮಾರು 16 ಮೆಗಾಜೂಲ್ ಇದೆ. ಎರಡು ಕಿಲೋ ಉರಿಸಿದರೆ ನೀರಿಗೆ ಸೇರಿದ್ದು ನೂರರಲ್ಲಿ 13 ಪಾಲು ಮಾತ್ರ. ಉಳಿದದ್ದು ಗೋಡೆಗೆ, ಗಾಳಿಗೆ. ಹೊಗೆ ಅಮ್ಮಂದಿರ ಕಣ್ಣಿಗೆ.

ಒಲೆಯ ಅಡಿಗೆ ಕಬ್ಬಿಣದ ಜಾಲರಿ ಇಟ್ಟರೆ ಗಾಳಿ ಕೆಳಗಿನಿಂದ ಬಂದು ಸೌದೆ ಪೂರ್ತಿ ಉರಿಯುತ್ತದೆ. ಹಂಡೆಯ ಸುತ್ತ ಸಣ್ಣ ಸಂದು ಬಿಟ್ಟು ಮಣ್ಣಿನ ಗೋಡೆ ಕಟ್ಟಿದರೆ ಬಿಸಿ ಗಾಳಿ ಹಂಡೆಯ ಮೈ ಸವರಿಕೊಂಡೇ ಹೊಗೆಗೂಡಿಗೆ ಹೋಗಬೇಕು. ಮಸಿ ಕೆರೆಯಬೇಕು, ಅದು ಶಾಖವನ್ನು ತಡೆಯುತ್ತದೆ. ಹಸಿ ಸೌದೆ ಬೇಡವೇ ಬೇಡ. ಅದರೊಳಗಿನ ಒಂದು ಕಿಲೋ ನೀರು ಆವಿಯಾಗಲು 2.26 ಮೆಗಾಜೂಲ್ ನುಂಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ದ ಅಡುಗೆ ಒಲೆಯೂ ಇಂಥ ತತ್ವಗಳ ಮೇಲೇ ನಿಂತದ್ದು.

ವಿಜ್ಞಾನ ಮೇಳಕ್ಕೆ ಥರ್ಮೋಕೋಲ್ ಜ್ವಾಲಾಮುಖಿ ಸಾಕು ಮಾರಾಯರೇ. ತಕ್ಕಡಿ, ಥರ್ಮಾಮೀಟರ್ ಕೊಟ್ಟು ಮಕ್ಕಳನ್ನು ಬಚ್ಚಲಿಗೆ ಕಳಿಸೋಣ. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಷ್ಟ ಎನ್ನುವ ಹೆತ್ತವರೂ ಜೊತೆಗೆ ಕೂರಲಿ. ಈ ಪಾಠದ ಪದಗಳೆಲ್ಲ ಅವರ ಬಾಯಲ್ಲೇ ಇವೆ. ‘ದಕ್ಷತೆ’ ಒಂದನ್ನು ನಾವು ಸೇರಿಸಿದರಾಯಿತು. ಮಳೆಗಾಲಕ್ಕೆ ಸೌದೆ ಕೂಡಿಡುವ ಮೊದಲೇ ತೂಕ ಶುರುವಾಗಲಿ.